ಹಿತ್ತಲ ಶೆಡ್ಡಿನಲ್ಲಿ ನನ್ನ ಕಾರು ಹೊತ್ತು ನಿಂತ ನಾಲ್ವರಿಗೆ

ಅಚಲರೂ ಮಿತಭಾಷಿಗಳೂ ಎತ್ತಿದ ಗಾಡಿಗೆ ಊರುಗೋಲುಗಳೂ ಆದ ಜಾಕ್ ಸ್ಟ್ಯಾಂಡ್ ಮಹಾಶಯರೇ, ಮಾನ್ಯರೇ,

ತಮ್ಮ ನಾಲ್ವರ ಪಾದಗಳಿಗೆ, ಅಂದರೆ ಒಬ್ಬೊಬ್ಬರಿಗೆ ನಾಲ್ಕರಂತೆ ಹದಿನಾರು ಉಕ್ಕಿನ ಪಾದಗಳಿಗೆ, ನನ್ನ ವಿನಯಪೂರ್ವಕ ನಮಸ್ಕಾರಗಳು. ಒಂದು ವರ್ಷ ಹತ್ತು ತಿಂಗಳು ಒಂದೇ ಜಾಗದಲ್ಲಿ ಕದಲದೆ ನಿಂತು, ಮಂಡಿ ನೋವೆಂದಾಗಲಿ ಸೊಂಟ ಹಿಡಿಯಿತೆಂದಾಗಲಿ ಒಂದು ಮಾತೂ ಆಡದವರನ್ನು ಕ್ಷೇಮವೇ ಎಂದು ಕೇಳುವುದು ಉದ್ಧಟತನವಾದೀತೆಂದು ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನನ್ನ ಪರಿಚಯ ತಮಗಿರಲಾರದು. ತಾವು ಹೊತ್ತು ನಿಂತಿದ್ದ ಕಾರಿನ ಒಡತಿ ನಾನು. ಶೆಡ್ಡಿನಲ್ಲಿ ನಡೆದ ಅಷ್ಟೂ ಚರ್ಚೆಗಳಲ್ಲಿ ಈ ಸಂಗತಿ ಯಾರ ಬಾಯಲ್ಲೂ ಬಾರದ ಕಾರಣ, ಮೊದಲಿಗೇ ಬರೆದಿಡುತ್ತಿದ್ದೇನೆ.

ನಿವೃತ್ತರಾದ ಸಹೋದ್ಯೋಗಿಯೊಬ್ಬರಿಂದ ನಾನು ಕೊಂಡ ಪುಟ್ಟ ಬಿಳಿ ಕಾರು ಅದು. ನಾನು ಪಾಠ ಮಾಡುವ ಕಾಲೇಜು ಊರಿನ ಆ ತುದಿಯಲ್ಲಿದೆ. ತರಗತಿಗೆ ಇಪ್ಪತ್ತು ನಿಮಿಷ ಮೊದಲೇ ತಲುಪಿ, ಕಾಂಪೌಂಡ್ ಗೋಡೆಯ ಪಕ್ಕ ಗಾಡಿ ನಿಲ್ಲಿಸಿ, ಗಾಜು ಏರಿಸಿಕೊಂಡು ಕೂರುವುದು ನನ್ನ ರೂಢಿಯಾಗಿತ್ತು. ಎರಡು ಪುಟ ಪದ್ಯ ಓದುತ್ತಿದ್ದೆ. ಕೆಲವು ದಿನ ಅದನ್ನೂ ಓದದೆ ಗೋಡೆ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಮೇಡಂ ಎನ್ನುತ್ತಿರಲಿಲ್ಲ, ಅತ್ತಿಗೆ ಎನ್ನುತ್ತಿರಲಿಲ್ಲ, ಸಕ್ಕರೆ ಮುಗಿದಿದೆ ಎನ್ನುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಐದು ಕೋಣೆಗಳಿವೆ, ಐದಕ್ಕೂ ಬಾಗಿಲಿದೆ, ಆದರೆ ಮುಚ್ಚಿಕೊಂಡರೆ ಯಾರೂ ಬಂದು ಬಡಿಯದ ಬಾಗಿಲು ಅಂತ ನನಗಿದ್ದದ್ದು ಆ ಕಾರಿನದೊಂದೇ. ಈಗ ಎರಡು ಬಸ್ಸು ಬದಲಿಸಿ, ಬೆಲ್ ಹೊಡೆಯುವಷ್ಟರಲ್ಲಿ ಓಡುತ್ತ ತಲುಪುತ್ತೇನೆ.

ಆ ಬಾಗಿಲಿನ ಕೆಳಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ತುಕ್ಕಿನ ತೂತು ಬಿದ್ದಿತು. ನನ್ನ ಪತಿ ಕನ್ನಡಕದ ಅಂಗಡಿ ಇಟ್ಟವರು, ಸಣ್ಣದನ್ನು ದೊಡ್ಡದಾಗಿ ಕಾಣಿಸುವುದೇ ಅವರ ಕಸುಬು. ತೂತನ್ನು ಬಗ್ಗಿ ನೋಡಿದರು, ಗೆಳೆಯರಾದ ತಗಡು ಮೇಷ್ಟ್ರನ್ನು ಕರೆಸಿದರು, ಭಾನುವಾರ ಸಂಜೆಗೆ ಗಾಡಿ ನಿನ್ನ ಕೈಗೆ ಎಂದರು. ಯಾವ ವರ್ಷದ ಭಾನುವಾರವೆಂದು ಕೇಳದೇ ಹೋದದ್ದು ನನ್ನ ತಪ್ಪು. ತಗಡು ಮೇಷ್ಟ್ರೆಂದರೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು, ಉಗುರಿನಿಂದ ತಟ್ಟಿ ತಗಡಿನ ದಪ್ಪ ಹೇಳಬಲ್ಲವರು. ಅವರು ಬಾಗಿಲು ತಟ್ಟಿದರು, ನೆಲಹಾಸು ಕಿತ್ತು ತಳ ತಟ್ಟಿದರು, ತುಕ್ಕು ಒಳಗೆ ಹಬ್ಬಿದೆ ಎಂದರು. ಅಂದೇ ಗಾಡಿಯನ್ನು ಜಾಕಿಯಿಂದ ಎತ್ತಿ ತಮ್ಮ ಭುಜಗಳ ಮೇಲೆ ಕೂರಿಸಲಾಯಿತು.

ಮುಂದಿನದೆಲ್ಲ ತಮ್ಮ ತಲೆಯ ಮೇಲೆಯೇ ನಡೆದಿದ್ದರಿಂದ ಚುಟುಕಾಗಿ ಹೇಳುತ್ತೇನೆ. ತಳ ಕೊಯ್ದರು, ಕೊಯ್ದ ಮೇಲೆ ಹೊಸ ತಗಡು ಬೆಸೆಯಬೇಕಲ್ಲ, ಬೆಸೆಯುವವರು ಗಟ್ಟಿಯಾಗಿಯೇ ಬೆಸೆಯಬೇಕಲ್ಲ. ಇಷ್ಟು ಗಟ್ಟಿ ತಳದ ಮೇಲೆ ಹಳೆಯ ಎಂಜಿನ್ ಇಟ್ಟರೆ ತಳಕ್ಕೇ ಅವಮಾನವೆಂದು ನನ್ನ ಮೈದುನ ಅಭಿಪ್ರಾಯಪಟ್ಟ. ಅವನು ಔಷಧ ಕಂಪನಿಯ ಪ್ರತಿನಿಧಿ, ಕಾರಿನ ಬಗ್ಗೆ ಅವನಿಗಿರುವ ಜ್ಞಾನವೆಲ್ಲ ವಿಡಿಯೋ ನೋಡಿ ಬಂದದ್ದು. ಯಾವುದೋ ದೊಡ್ಡ ಗಾಡಿಯ ಎಂಜಿನ್ ಬಂತು. ಅದನ್ನು ತಡೆಯಲು ಅಗಲದ ಚಕ್ರ, ಇನ್ನೂ ಅಗಲದ ಟೈರು ಬಂದವು. ಆಮೇಲೆ ತೂಕ ಇಳಿಸುವ ಚಳವಳಿ ಶುರುವಾಯಿತು. ಹಿಂದಿನ ಸೀಟು ಹೋಯಿತು, ಪಕ್ಕದ ಸೀಟು ಹೋಯಿತು, ರೇಡಿಯೋ ಹೋಯಿತು, ಬಾಗಿಲುಗಳ ಒಳಹೊದಿಕೆ ಹೋಯಿತು. ಈ ಚಳವಳಿಯ ನೇತಾರನೂ ನನ್ನ ಮೈದುನನೇ. ಅವನು ಕೂತೆದ್ದ ನಮ್ಮ ಬೆತ್ತದ ಕುರ್ಚಿ ಎರಡು ಸಲ ರಿಪೇರಿಯಾಗಿದೆ ಎಂಬುದನ್ನು ಯಾವ ದುರುದ್ದೇಶವೂ ಇಲ್ಲದೆ ಇಲ್ಲಿ ನಮೂದಿಸುತ್ತೇನೆ.

ತುಕ್ಕಿನ ತೂತಿದ್ದ ಬಾಗಿಲೇ ಇಲ್ಲವಾಯಿತು, ಹೊಸ ಹಗುರ ಬಾಗಿಲು ಬಂತು. ನನ್ನ ದೂರನ್ನು ಇಷ್ಟು ಸಮಗ್ರವಾಗಿ ಪರಿಹರಿಸಿದ್ದಕ್ಕೆ ನಾನು ಋಣಿಯಾಗಿರಬೇಕಿತ್ತು. ಪ್ರತಿ ಸೋಮವಾರ ಬೆಳಿಗ್ಗೆ, ಕೃತಘ್ನೆಯಂತೆ, ನನ್ನ ಗಾಡಿ ಯಾವಾಗ ಎಂದೇ ಕೇಳುತ್ತಿದ್ದೆ. ವೇಗ ಹೆಚ್ಚಾದ ಮೇಲೆ ಕಾಲೇಜಿಗೆ ಎಷ್ಟು ಬೇಗ ಹೋಗಬಹುದು ಯೋಚಿಸು ಎಂದು ಪತಿ ಸಮಾಧಾನ ಹೇಳುತ್ತಿದ್ದರು. ನಾನು ಬಸ್ ಸ್ಟಾಪಿಗೆ ಹೋಗುವ ಹೊತ್ತಾಗಿದ್ದರಿಂದ ಆಗೆಲ್ಲ ಹೆಚ್ಚು ಯೋಚಿಸಲಾಗಲಿಲ್ಲ.

ಈಗ ಮಡ್‌ಗಾರ್ಡುಗಳ ವಿಷಯ. ಅಗಲದ ಟೈರುಗಳು ಗಾಡಿಯ ಮೈಯಿಂದ ಹೊರಕ್ಕೆ ಚಾಚಿಕೊಂಡಿದ್ದವು. ಅವನ್ನು ಮುಚ್ಚಲು ನಾಲ್ಕು ಉಬ್ಬುಕಮಾನುಗಳನ್ನು ಮೇಷ್ಟ್ರು ಕೈಯಿಂದಲೇ ಬಡಿದು ಮಾಡುವುದೆಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಸಿದ್ಧ ಸಿಗುವ ಫೈಬರಿನವನ್ನು ತರಬಹುದಲ್ಲ ಎಂದಿದ್ದಕ್ಕೆ ಮೇಷ್ಟ್ರು ನನ್ನನ್ನು ನೋಡಿದ ನೋಟ, ಪರೀಕ್ಷೆಗೆ ಗೈಡ್ ಓದಿದರೆ ಸಾಕಲ್ಲ ಎನ್ನುವ ವಿದ್ಯಾರ್ಥಿಯನ್ನು ನಾನು ನೋಡುವ ನೋಟವೇ ಆಗಿತ್ತು. ನನ್ನ ಪುಸ್ತಕದ ಪೆಟ್ಟಿಗೆಗಳ ರಟ್ಟು ಕತ್ತರಿಸಿ ಅಚ್ಚು ಮಾಡಿದರು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿದರು. ಎಡ ಮುಂದಿನ ಕಮಾನೊಂದಕ್ಕೇ ಎರಡು ತಿಂಗಳು ಹಿಡಿಯಿತು. ಪತಿ ಅಂಗಡಿಯಿಂದ ಸಣ್ಣ ಸ್ಕೇಲು ತಂದು, ಟೈರಿಗೂ ಕಮಾನಿಗೂ ನಡುವೆ ಸುತ್ತಲೂ ಎರಡು ಬೆರಳಿನ ಸಂದು ಒಂದೇ ಸಮ ಇದೆಯೇ ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಅಳೆದರು.

ಒಂದು ಭಾನುವಾರ ಟೀ ಕೊಡಲು ಹೋದವಳು ಅಲ್ಲೇ ನಿಂತು ನೋಡಿದೆ. ತಾವು ಗಾಡಿಯ ಮೈಯನ್ನಷ್ಟೇ ಹೊತ್ತಿದ್ದಿರಿ. ಚಕ್ರಗಳು ಮಾತ್ರ, ಎತ್ತರದ ಕಟ್ಟೆಯ ಮೇಲೆ ಕೂತವರು ಕಾಲು ಇಳಿಬಿಟ್ಟಂತೆ, ಕೆಳಗೆ ಜೋತುಬಿದ್ದಿದ್ದವು. ನನಗೆ ತೋಚಿದ್ದನ್ನು ಕೇಳಿದೆ: “ನೆಲಕ್ಕಿಳಿಸಿದ ಮೇಲೆ ಸ್ಪ್ರಿಂಗ್ ಅದುಮಿಕೊಂಡು ಗಾಡಿ ಕೆಳಗೆ ಕೂರುತ್ತಲ್ವಾ? ಆಗ ಈ ಸಂದು ಉಳಿಯುತ್ತಾ?”

ಮೈದುನ ನಕ್ಕ. “ಅತ್ತಿಗೆ, ಇದೆಲ್ಲ ಲೆಕ್ಕದ ವಿಷಯ. ನಿಮ್ಮ ಪದ್ಯದ ಥರ ಹೆಂಗೆ ಬೇಕಾದ್ರೂ ಅರ್ಥ ಮಾಡ್ಕೊಳ್ಳೋಕಾಗಲ್ಲ” ಎಂದ. ಪತಿ ನಗಲಿಲ್ಲ, ಅವರು ಸಭ್ಯರು. ಸ್ಕೇಲನ್ನು ಇನ್ನೊಮ್ಮೆ ಇಟ್ಟು, ಒಂದೇ ಸಮ ಇದೆ ನೋಡು ಎಂದು ತೋರಿಸಿದರು. ಮೇಷ್ಟ್ರ ಸುತ್ತಿಗೆ ಒಂದು ಗಳಿಗೆ ನಿಂತು, ಮತ್ತೆ ಬಡಿಯತೊಡಗಿತು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದೆ. ಅಲ್ಲಿದ್ದವರ ಪೈಕಿ ಗಾಡಿ ಗಾಳಿಯಲ್ಲಿದೆ ಎಂಬುದು ತಮಗೆ ನಾಲ್ವರಿಗಾದರೂ ಖಚಿತವಾಗಿ ಗೊತ್ತಿತ್ತಲ್ಲ, ಮಾನ್ಯರೇ. ಒಬ್ಬರಾದರೂ ಒಮ್ಮೆ ಮೊಣಕಾಲು ಸಡಿಲಿಸಿ ನನ್ನ ಪರವಾಗಿ ಸಾಕ್ಷಿ ನುಡಿಯಬಹುದಿತ್ತೆಂದು ಇಂದಿಗೂ ಅನಿಸುತ್ತದೆ. ಇನ್ನು ಮೂರು ಕಮಾನುಗಳು ನಾಲ್ಕು ತಿಂಗಳಲ್ಲಿ ಮುಗಿದವು. ಬೂದುಬಣ್ಣದ ಪ್ರೈಮರ್ ಹೊಡೆದರು. ಮೈದುನ ಎಂಟು ದಿಕ್ಕಿನಿಂದ ಫೋಟೋ ತೆಗೆದು ತನ್ನಂಥವರೇ ಇರುವ ಗುಂಪಿಗೆ ಹಾಕಿದ. ನೂರಾರು ಜನ ಮೆಚ್ಚಿದರಂತೆ. ಅಷ್ಟು ಜನರಲ್ಲಿ ಒಬ್ಬರೂ ಗಾಡಿ ಯಾತರ ಮೇಲೆ ನಿಂತಿದೆ ಎಂದು ಕೇಳಲಿಲ್ಲ.

ಕೇಳಿದವರು ನಮ್ಮ ಅತ್ತೆ. ದಿನಾ ಬಟ್ಟೆ ಒಣಹಾಕಲು ಶೆಡ್ಡಿನ ಮುಂದೆ ಹೋಗಿಬರುವ ಅವರು ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬಕೆಟ್ ಕೆಳಗಿಟ್ಟು, “ಒಂದ್ಸಲ ಅದನ್ನ ನೆಲಕ್ಕೆ ಬಿಟ್ಟು ನೋಡ್ರೋ. ನಿಂತೂ ನಿಂತೂ ಅದಕ್ಕೂ ಸಾಕಾಗಿರತ್ತೆ” ಎಂದರು. ಹೆಂಡತಿ ಹೇಳಿದರೆ ಪದ್ಯ, ತಾಯಿ ಹೇಳಿದರೆ ಆಜ್ಞೆ. ಜಾಕಿ ತಂದರು, ತಮ್ಮನ್ನು ಒಬ್ಬೊಬ್ಬರಾಗಿ ಹೊರಗೆಳೆದರು, ಗಾಡಿ ನಿಧಾನಕ್ಕೆ ಇಳಿಯಿತು. ಎರಡು ಬೆರಳಿನ ಸಂದು ಒಂದು ಬೆರಳಾಯಿತು, ಕೂದಲೆಳೆಯಾಯಿತು, ಆಮೇಲೆ ರಬ್ಬರಿನ ಮೇಲೆ ತಗಡು ಕೂತು ಉಜ್ಜುವ ಸದ್ದಾಯಿತು. ಮೊಟ್ಟೆಗಳ ಮೇಲೆ ಕಾವು ಕೊಡಲು ಕೂತ ಕೋಳಿಯಂತೆ ನನ್ನ ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ಮೈ ಊರಿ ಕೂತಿತು. ಸ್ಟೀರಿಂಗ್ ತಿರುಗಲಿಲ್ಲ. ಮೂವರೂ ಸೇರಿ ತಳ್ಳಿದರೂ ಒಂದು ಗೇಣು ಮುಂದೆ ಹೋಗಲಿಲ್ಲ. ಅದಕ್ಕಿಂತ ವೇಗವಾಗಿ ನಮ್ಮ ಬೀರುವನ್ನು ಜರುಗಿಸಬಹುದು.

ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹೇಗೆ ಎಂದು ಮೈದುನ ಕೇಳಿದ. ಪತಿ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಗಾಡಿಯ ಸುತ್ತ ಒಂದು ಸುತ್ತು ಬಂದು, ತಮ್ಮ ಬಾಳಿನ ಅತ್ಯಂತ ಪ್ರಾಮಾಣಿಕ ದನಿಯಲ್ಲಿ, “ಮೇಲಿದ್ದಾಗ ಎಲ್ಲಾ ಸರಿಯಾಗೇ ಇತ್ತು” ಎಂದರು. ಮತ್ತೆ ತಮ್ಮ ಮೇಲೇರಿಸಿ ನಿಧಾನವಾಗಿ ಯೋಚಿಸೋಣವೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗುವುದರಲ್ಲಿತ್ತು. ಕಮಾನುಗಳ ಒಳಅಂಚನ್ನು ಮೇಲಕ್ಕೆ ಕತ್ತರಿಸಿದರೆ ಗಾಡಿ ಓಡುತ್ತದೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿಬಿಡಲಿಲ್ಲ.

ಮೇಷ್ಟ್ರು ನಲ್ಲಿಯ ಹತ್ತಿರ, ಕೊಳೆಯೇ ಇಲ್ಲದ ಕೈಗಳನ್ನು ತೊಳೆಯುತ್ತ ನಿಂತಿದ್ದರು. ನಾನು ಹೋಗಿ ಟವೆಲ್ ಕೊಟ್ಟೆ. ಅವರು ನನ್ನ ಮುಖ ನೋಡದೆ ಹೇಳಿದರು: “ಅವತ್ತು ನೀವು ಕೇಳ್ದಾಗ್ಲೇ ನಂಗೆ ಗೊತ್ತಾಯ್ತಮ್ಮಾ. ಆದ್ರೆ ಎಡಗಡೇದು ಅಷ್ಟ್ರಲ್ಲಿ ಮುಗ್ದಿತ್ತು. ನಲವತ್ತು ವರ್ಷ ಬಸ್ಸಿಗೆ ಚಪ್ಪಟೆ ತಗಡು ಹೊಡ್ದೋನು ನಾನು. ಅಂಥದ್ದು ಒಂದು ನನ್ನ ಕೈಲಿ ಬಂದಿರ್ಲಿಲ್ಲ. ತಪ್ಪು ಅಂತ ಹೇಳೋಕೆ ಬಾಯಿ ಬರ್ಲಿಲ್ಲ.”

ಆದ್ದರಿಂದ, ತಪ್ಪೆಂದು ಗೊತ್ತಿದ್ದೂ, ಅದಕ್ಕೆ ಸರಿಹೊಂದುವ ಇನ್ನು ಮೂರು ತಪ್ಪುಗಳನ್ನು ಅವರು ನಾಲ್ಕು ತಿಂಗಳು ಕೂತು ಬಡಿದರು. ಈ ಮಾತಿಗೆ ತಕ್ಕ ಕಟುವಾಕ್ಯವೊಂದು ನನ್ನ ಬಳಿ ಸಿದ್ಧವಿತ್ತು, ಆಡಲಿಲ್ಲ. ಎಡ ಮುಂದಿನ ಕಮಾನಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಅಂಗೈ ಆಡಿಸಿದೆ. ಸುತ್ತಿಗೆಯ ಗುರುತು ಎಲ್ಲೂ ಇಲ್ಲ. ಬೆಳಗಿನ ಬೆಳಕು ಆ ತುದಿಯಿಂದ ಈ ತುದಿಗೆ ಎಲ್ಲೂ ಎಡವದೆ ಹರಿಯುತ್ತಿತ್ತು. ಚೆನ್ನಾಗಿದೆ, ಮಾನ್ಯರೇ, ಸುಳ್ಳು ಹೇಳಲಾರೆ. ಆದರೆ ಚೆನ್ನಾಗಿರುವುದರ ಒಳಗೆ ನನ್ನ ಚಕ್ರ ತಿರುಗಬೇಕಲ್ಲ.

ಮಾರ್ಕರ್ ಪೆನ್ನು ಕೇಳಿದೆ. ಯಾರೂ ಕೊಡದ್ದರಿಂದ ನನ್ನ ಕಾಲೇಜಿನ ಚೀಲದಿಂದಲೇ ತಂದು, ಟೈರಿನ ಮೇಲಕ್ಕೆ ನನ್ನದೇ ಬೆರಳುಗಳಿಂದ ಅಳೆದು, ನಾಲ್ಕೂ ಕಮಾನುಗಳ ಮೇಲೆ ಕತ್ತರಿಸಬೇಕಾದ ಗೆರೆ ಎಳೆದೆ. ಮೈದುನ ಫೋಟೋ ತೆಗೆಯಲಿಲ್ಲ. ಹಿಂದಿನವಕ್ಕೆ ಇನ್ನರ್ಧ ಬೆರಳು ಜಾಸ್ತಿ ಬಿಡಿ, ಜನ ಕೂತರೆ ಇನ್ನಷ್ಟು ಇಳಿಯುತ್ತದೆ ಎಂದು ಮೇಷ್ಟ್ರು ತಿದ್ದಿದರು. ಹಿಂದೆ ಸೀಟೇ ಇಲ್ಲವಲ್ಲ ಎಂದೆ. ಇದೆ ಅಂದುಕೊಂಡು ಎಳೆಯಿರಿ, ಹಾಕಿಸುತ್ತೇನೆ ಎಂದರು.

ಇನ್ನು ತಮ್ಮ ಸ್ಥಳಾಂತರದ ಬಗ್ಗೆ ವಿವರಣೆ ಕೊಡುವುದು ನನ್ನ ಕರ್ತವ್ಯ. ಗಾಡಿಯನ್ನು ಮತ್ತೊಮ್ಮೆ ತಮ್ಮ ಮೇಲೇರಿಸಿದರೆ ನಾನು ನಿವೃತ್ತಿಯವರೆಗೂ ಬಸ್ಸಿನಲ್ಲೇ ಹೋಗುವುದು ಖಾತ್ರಿಯಾಗಿತ್ತು. ಹಾಗಾಗಿ ಸೋಮವಾರ ತಮ್ಮಲ್ಲಿ ಇಬ್ಬರನ್ನೂ ಮಂಗಳವಾರ ಉಳಿದಿಬ್ಬರನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ನಮ್ಮ ಸ್ಟಾಫ್ ರೂಮಿನ ಕಬ್ಬಿಣದ ಬೀರುವಿಗೆ ಸೇರಿಸಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲ ಮುಟ್ಟಿ ನೋಡಿ, ಇಷ್ಟು ಭಾರ ಏನಿದು ಎಂದರು. ಮನೆಯವರ ಹವ್ಯಾಸ ಎಂದೆ. ಅವರು ಸರಿದು ಕೂತು ಚೀಲಕ್ಕೆ ಜಾಗ ಬಿಟ್ಟುಕೊಟ್ಟರು. ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳ ಕೆಳಗೆ ತಮಗೆ ಏನೂ ಕೊರತೆಯಾಗಿಲ್ಲವೆಂದು ನಂಬುತ್ತೇನೆ. ಮನೆಯಲ್ಲಿ ಎರಡು ದಿನ ಹುಡುಕಾಟ ನಡೆಯಿತು. ಇಟ್ಟಿಗೆ ಪೇರಿಸಿ ಎತ್ತೋಣವೆಂದು ಮೈದುನ ಹೊರಟಾಗ, ಇಟ್ಟಿಗೆ ಒಡೆದರೆ ಅಡಿಯಲ್ಲಿದ್ದವನು ಅಪ್ಪಚ್ಚಿ, ನಾನಂತೂ ಮಲಗಲ್ಲ ಎಂದು ಮೇಷ್ಟ್ರು ತಡೆದರಂತೆ. ಬೇರೆ ಉಪಾಯವಿಲ್ಲದೆ, ನೆಲದ ಮೇಲೆ ನಿಂತ ಗಾಡಿಯನ್ನು ನೆಲದ ಮೇಲಿರುವಂತೆಯೇ ನೋಡಿ ಕೆಲಸ ಮಾಡುವ ಕಠಿಣ ಪದ್ಧತಿಗೆ ಅವರು ಈಗ ಒಗ್ಗಿಕೊಳ್ಳುತ್ತಿದ್ದಾರೆ.

ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಕೆಲವೇ. ದಯವಿಟ್ಟು ಸ್ವಯಂನಿವೃತ್ತಿ ಪಡೆಯಿರಿ. ಅದಾಗದಿದ್ದರೆ, ನನ್ನ ಪತಿಗೆ ಯಾವುದೇ ವಸ್ತು ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ಕಾಣಿಸುವ ಕನ್ನಡಕವೊಂದನ್ನು ತಮ್ಮ ಅನುಭವದ ಬಲದಿಂದ ರೂಪಿಸಿಕೊಡಿ. ಭಾರ ಹೊತ್ತೂ ಬಾಯಿಬಿಡದಿರುವ ತಮ್ಮ ವಿದ್ಯೆಯನ್ನು ಮಾತ್ರ ನನಗೆ ಕಲಿಸಬೇಡಿ. ಅದರಲ್ಲಿ ನಾನು ಒಂದು ವರ್ಷ ಹತ್ತು ತಿಂಗಳ ತರಬೇತಿ ಮುಗಿಸಿದ್ದೇನೆ.

ಇಂತು,
ಮತ್ತೆಂದೂ ತಮ್ಮ ನೆರವು ಬೇಡದಿರಲೆಂದು ಹಾರೈಸುವ ತಮ್ಮ ವಿಶ್ವಾಸಿ,
ಬಿಳಿ ಕಾರಿನ ಒಡತಿ

ತಾ.ಕ.: ಮೂರು ಕಮಾನುಗಳನ್ನು ಗೆರೆಗೆ ಸರಿಯಾಗಿ ಕತ್ತರಿಸಿಯಾಗಿದೆ. ಎಡ ಮುಂದಿನದಕ್ಕೆ ಮಾತ್ರ ಮೇಷ್ಟ್ರು ಒಂದು ವಾರದಿಂದ ನಾಳೆ ಎನ್ನುತ್ತಿದ್ದಾರೆ, ಪತಿ ಅಂಗಡಿ ಮುಚ್ಚುವುದನ್ನು ತಡ ಮಾಡುತ್ತಿದ್ದಾರೆ, ಮೈದುನ ಪ್ರವಾಸದಲ್ಲಿದ್ದಾನೆ. ನಾಳೆಗೆ ನಾನು ಒಂದು ದಿನದ ರಜೆ ಬರೆದುಕೊಟ್ಟಿದ್ದೇನೆ. ತಗಡು ಕತ್ತರಿಸುವ ಗ್ರೈಂಡರನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಕಣ್ಣಿಗೆ ಕಿಡಿ ತಡೆಯುವ ಕನ್ನಡಕ ಹಾಕಿಕೊಳ್ಳಬೇಕು, ನಡುವೆ ನಿಲ್ಲಿಸಬಾರದು ಎಂದು ಮೇಷ್ಟ್ರೇ ಫೋನಿನಲ್ಲಿ ಹೇಳಿಕೊಟ್ಟರು. ಯಾತಕ್ಕೆ ಎಂದು ಅವರು ಕೇಳಲಿಲ್ಲ.