ಭಾನುವಾರದ ಅಪ್ಪುಗೆ

ಮಗಳ ಪಾಠಗಳನ್ನು ಮನೆಯವರೆಲ್ಲ ಪಾಲು ಮಾಡಿಕೊಂಡಾಗ ತನ್ನನ್ನು ಒಂದು ಮಾತೂ ಕೇಳಲಿಲ್ಲ ಎಂಬುದೇ ದರ್ಜಿಯ ಹೊಟ್ಟೆಯುರಿಗೆ ಮೂಲ. ಈ ಟರ್ಮಿನಲ್ಲಿ ಮೂರನೇ ಕ್ಲಾಸಿಗೆ ಏನೇನು ಕಲಿಸುತ್ತೇವೆಂದು ಶಾಲೆಯವರು ಹೇಳಿದ್ದೇ ತಡ, ಪದ್ಯ, ಪಾಠ, ಕೈಬರಹವೆಲ್ಲ ಹೆಂಡತಿಯ ಪಾಲಿಗೆ ಹೋದವು. ಲೆಕ್ಕ, ವಿಜ್ಞಾನ, ಸಮಾಜ ಎಂಬ ಮೂರು ಮಹಾಸಂಸ್ಥಾನಗಳನ್ನು ಹೆಂಡತಿಯ ತಮ್ಮ ಯುದ್ಧವಿಲ್ಲದೆ ಗೆದ್ದುಕೊಂಡ. ದರ್ಜಿಗೆ ಉಳಿದದ್ದು ಪೆನ್ಸಿಲ್ ಚೂಪು ಮಾಡುವ ಖಾತೆ. (ಅದನ್ನೂ ಮಗಳು ಮುಂದಿನ ವಾರವೇ ಕಲಿತುಬಿಟ್ಟಳು.)

ಈ ಮೈದುನನ ವಾಸ ಮಹಡಿಯ ಕೋಣೆಯಲ್ಲಿ, ಕೆಲಸ ಔಷಧಿ ಅಂಗಡಿಯಲ್ಲಿ. ಎಷ್ಟು ತಿಂದರೂ ಮೈಗೆ ಹತ್ತದ ಕಡ್ಡಿ ಶರೀರ. ಅವನಿಗೆ ಅಂಗಿ ಹೊಲಿದರೆ ಬಟ್ಟೆಗಿಂತ ಗುಂಡಿಯೇ ಹೆಚ್ಚು ಕಾಣುತ್ತಿತ್ತು. ಊಟದ ಮೇಜಿನ ಮೇಲೆ ಟಾರ್ಚ್ ಬಿಟ್ಟು, ಅದರ ಮುಂದೆ ಕಿತ್ತಳೆ ಹಣ್ಣು ತಿರುಗಿಸಿ, ಹಗಲು ರಾತ್ರಿ ಹೇಗಾಗುತ್ತದೆಂದು ತೋರಿಸುತ್ತಿದ್ದ. ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಪಾಠ ಮುಗಿದ ಮೇಲೆ ಇಬ್ಬರೂ ಭೂಮಿಯನ್ನು ಸುಲಿದು ತಿನ್ನುತ್ತಿದ್ದರು. ದರ್ಜಿಗೆ ಒಂದು ತೊಳೆ ಕೊಡಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

"ಅಪ್ಪ, ಸೂರ್ಯ ನಿಜವಾಗ್ಲೂ ಮುಳುಗಲ್ವಂತೆ. ಮಾಮ ಹೇಳಿದ್ರು."

"ನಂಗೊತ್ತು ಬಿಡು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ದರ್ಜಿ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ. ಒಂದೇ ಒಂದು ವಿಷಯ ಸಾಕು, ಮಗಳು ಅದಕ್ಕಾದರೂ ತನ್ನ ಹತ್ತಿರ ಓಡಿ ಬರಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಕೊನೆಗೆ ಭಿನ್ನರಾಶಿ ಬಂತು. ಕತ್ತರಿಸುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಾರು ಎಂದು ದರ್ಜಿ ಮಗಳನ್ನು ಅಂಗಡಿಗೆ ಕರೆದೊಯ್ದ. ಮೇಜಿನ ಮೇಲಿದ್ದ ಬಟ್ಟೆ ಎಳೆದುಕೊಂಡು, ಮಡಚಿ, ಕಚಕ್ಕನೆ ಕತ್ತರಿಸಿ "ಇದು ಅರ್ಧ" ಎಂದ. ಮತ್ತೆ ಮಡಚಿ, ಕಚಕ್, "ಇದು ಕಾಲು." ಮಗಳಿಗೆ ತಕ್ಷಣ ಅರ್ಥವಾಯಿತು. ದರ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು: ಅದು ಚೂರುಬಟ್ಟೆಯಲ್ಲ, ಅಂಚೆಯಣ್ಣ ಪ್ಯಾಂಟಿಗೆಂದು ಕೊಟ್ಟಿದ್ದ ಬಟ್ಟೆ. ತುಂಡಿಗೆ ತುಂಡು ಕೂಡಿಸಿ ಹೇಗೋ ಹೊಲಿದದ್ದಾಯಿತು. ಅದು ಅಂಚೆಯಣ್ಣನ ಮೊಣಕಾಲು ದಾಟಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು.

"ಪಾಠ ಮಾಡೋಕೆ ಹೋಗಿ ಗಿರಾಕಿ ಮಾನ ಕತ್ತರಿಸಿ ಬಂದ್ರಲ್ಲ" ಎಂದಳು ಹೆಂಡತಿ. "ಸುಮ್ನೆ ನನ್ನ ತಮ್ಮನಿಗೆ ಬಿಟ್ಬಿಡಿ."

"ನಿನ್ನ ತಮ್ಮ, ನಿನ್ನ ತಮ್ಮ! ಅವನನ್ನೇ ಅಪ್ಪ ಅಂತ ಕರೀಲಿ ಹಂಗಾದ್ರೆ!"

ಹೀಗೆ ದರ್ಜಿ ಆಸೆಯನ್ನೇ ಕೈಬಿಟ್ಟಿದ್ದಾಗ ಒಂದು ಭಾನುವಾರ ಪವಾಡ ನಡೆಯಿತು. ಊಟ ಮುಗಿಸಿ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದವನನ್ನು ಮಗಳು ಹಿಂದಿನಿಂದ ಬಂದು ತಬ್ಬಿಕೊಂಡಳು. ಎರಡು ಪುಟ್ಟ ಕೈಗಳು ಹೊಟ್ಟೆಯ ಸುತ್ತ ಬಂದು, ಕೂಡಲಾರದೆ ಒದ್ದಾಡಿ, ಹೇಗೋ ಕೂಡಿದವು. ಒಂದು ಕ್ಷಣ ಹಾಗೇ ಇದ್ದು ಓಡಿಹೋದಳು. ದರ್ಜಿಯ ಕಣ್ಣು ಒದ್ದೆಯಾಯಿತು. ಮುಂದಿನ ಭಾನುವಾರವೂ ಅಪ್ಪುಗೆ. ಅದರ ಮುಂದಿನ ಭಾನುವಾರವೂ. ಅಷ್ಟೇ ಅಲ್ಲ, ಊಟಕ್ಕೆ ಕೂತಾಗ ಪಕ್ಕದಲ್ಲೇ ಕೂತು, "ಇನ್ನೊಂದು ಬಾಳೆಹಣ್ಣು ತಿನ್ನು ಅಪ್ಪ" ಎಂದು ತಾನೇ ಸುಲಿದು ಕೊಡತೊಡಗಿದಳು. ಮಗಳು ಕೊಟ್ಟಿದ್ದನ್ನು ಬೇಡವೆನ್ನುವ ಕಟುಕನೇ ಅವನು? ತಿಂದ. ಪ್ಯಾಂಟು ಬಿಗಿಯಾದಾಗ ಗುಟ್ಟಾಗಿ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡ. "ನೀನು ತರೋ ಸೋಪು ಸರಿಯಿಲ್ಲ, ಬಟ್ಟೆ ಕುಗ್ತಿದೆ" ಎಂದು ಹೆಂಡತಿಗೆ ಹೇಳಿದ.

"ನಿನ್ನ ತಮ್ಮನ್ನ ಒಂದಿನಾನಾದ್ರೂ ಹೀಗೆ ತಬ್ಬಿಕೊಂಡಿದಾಳಾ?" ಎಂದೂ ಕೇಳಿದ.

"ಅವನಲ್ಲಿ ತಬ್ಬಿಕೊಳ್ಳೋಕೆ ಏನಿದೆ?" ಎಂದಳು ಹೆಂಡತಿ.

ಈ ಉತ್ತರ ದರ್ಜಿಗೆ ಎಷ್ಟು ಹಿಡಿಸಿತೆಂದರೆ, ಅವನು ಮೆಟ್ಟಿಲ ಮೇಲೆ ಮೈದುನನನ್ನು ಅಡ್ಡಗಟ್ಟಿ, "ಪಾಠ ಯಾರು ಬೇಕಾದ್ರೂ ಹೇಳಿಕೊಡಬಹುದಪ್ಪ, ಪ್ರೀತಿ ಬೇರೆ" ಎಂದು ಬೀಗಿದ. "ಹೌದು ಭಾವ" ಎಂದು ಮೈದುನ ಮೀಸೆಯಲ್ಲೇ ನಕ್ಕ. (ಆ ನಗೆಯನ್ನು ಅಲ್ಲೇ ಹಿಡಿದು ವಿಚಾರಿಸಿದ್ದರೆ ಮುಂದಿನದು ತಪ್ಪುತ್ತಿತ್ತು.)

ಟರ್ಮು ಮುಗಿಯಿತು. ಮಕ್ಕಳು ಕಲಿತದ್ದನ್ನೆಲ್ಲ ತಂದೆತಾಯಿಗಳ ಮುಂದೆ ತೋರಿಸುವ ದಿನ ಬಂತು. ಕ್ಲಾಸಿನ ತುಂಬ ಜನ, ಅರ್ಧಕ್ಕರ್ಧ ದರ್ಜಿಯ ಗಿರಾಕಿಗಳೇ. ಅಂಚೆಯಣ್ಣ ಅದೇ ಪ್ಯಾಂಟಿನಲ್ಲಿ ಬಂದಿದ್ದ. ಒಂದು ಮಗು ಮೊಳಕೆ ಬಂದ ಕಾಳು ಇಟ್ಟುಕೊಂಡು ನಿಂತಿತ್ತು, ಇನ್ನೊಂದು ಬೆಕ್ಕಿನ ಚಿತ್ರ ಹಿಡಿದಿತ್ತು. ದರ್ಜಿಯ ಮಗಳ ಕೈಯಲ್ಲಿ ಮಾತ್ರ ಒಂದು ಕೋಲು, ಅದರಿಂದ ಇಳಿಬಿದ್ದ ಬಣ್ಣಬಣ್ಣದ ಉಲ್ಲನ್ ದಾರಗಳು.

"ವಿಜ್ಞಾನದಲ್ಲಿ ನಾವು ಜೀವಿಗಳ ಬಗ್ಗೆ ಕಲಿತ್ವಿ" ಎಂದು ಗಟ್ಟಿಯಾಗಿ ಶುರುಮಾಡಿದಳು. "ಮನೇಲಿರೋ ಒಂದು ಜೀವೀನ ಟರ್ಮೆಲ್ಲ ಗಮನಿಸಬೇಕು ಅಂದ್ರು ಟೀಚರ್. ನಾನು ಗಮನಿಸಿದ ಜೀವಿ ನಮ್ಮಪ್ಪ."

ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿ ಎದೆಯುಬ್ಬಿಸಿ ಮೈದುನನ ಕಡೆ ಒಂದು ನೋಟ ಎಸೆದ.

"ಜೀವಿ ಆಹಾರ ತಿಂದು ಬೆಳೆಯುತ್ತೆ" ಎಂದು ಮಗಳು ಮುಂದುವರಿದಳು. "ಲೆಕ್ಕದಲ್ಲಿ ಅಳತೆ ಕಲಿತ್ವಲ್ಲ, ಅದಕ್ಕೆ ಪ್ರತಿ ಭಾನುವಾರ ಅಪ್ಪನ ಹೊಟ್ಟೆ ಅಳೆದೆ. ಈ ಕೆಂಪು ದಾರ ಮೊದಲನೇ ವಾರದ ಅಪ್ಪ. ನೀಲಿ ಅದರ ಮುಂದಿನ ವಾರದ ಅಪ್ಪ. ಈ ಹಸಿರು ಕಳೆದ ವಾರದ್ದು, ಇದು ಕೋಲಿಂದ ನೆಲಕ್ಕೇ ತಾಗುತ್ತೆ."

ಚಪ್ಪಾಳೆ ನಗೆಯಾಯಿತು. ಊರವರ ಸೊಂಟವನ್ನೆಲ್ಲ ಅಳೆದವನಿಗೆ ತನ್ನ ಸೊಂಟಕ್ಕೆ ದಾರ ಬಿದ್ದದ್ದು ಗೊತ್ತಾಗಿರಲಿಲ್ಲ. ಮಗಳು ನಿಲ್ಲಿಸಲಿಲ್ಲ. ಸಮಾಜಕ್ಕೆಂದು ಮನೆಯ ನಕಾಶೆ ಬಿಡಿಸಿ, ಅಪ್ಪ ಹೆಚ್ಚು ಓಡಾಡುವ ದಾರಿಗೆ ದಪ್ಪ ಗೆರೆ ಎಳೆದಿದ್ದಳು. ಅದು ಮಂಚದಿಂದ ಫ್ರಿಜ್ಜಿಗೆ ಹೋಗುತ್ತಿತ್ತು. ಅಮ್ಮನ ಜೊತೆ ಕೂತು ಕಟ್ಟಿದ ಪದ್ಯವನ್ನೂ ಹಾಡಿದಳು:

"ಅಪ್ಪ ಮಲಗಿದರೆ ಕಿಟಕಿ ಗಡಗಡ,
ಅಮ್ಮ ಕೂಗಿದರೆ ಅಪ್ಪ ಗಡಗಡ!"

ಅಂಚೆಯಣ್ಣ ಕಣ್ಣೊರೆಸಿಕೊಳ್ಳುತ್ತಾ, "ಪ್ರತಿ ಸಲ ಬಟ್ಟೆ ಜಾಸ್ತಿ ಬೇಕು ಅಂತಿದ್ರಲ್ಲ, ಅದೆಲ್ಲ ಯಾವ ಸೊಂಟಕ್ಕೆ ಹೋಗ್ತಿತ್ತು ಅಂತ ಇವತ್ತು ಗೊತ್ತಾಯ್ತು" ಎಂದ.

ದರ್ಜಿ ಅದನ್ನೂ ಸಹಿಸುತ್ತಿದ್ದ. ಆದರೆ ಟೀಚರ್ ಮಗಳ ಬೆನ್ನು ತಟ್ಟಿ, "ಅಪ್ಪನಿಗೆ ಗೊತ್ತಾಗದ ಹಾಗೆ ಹೇಗೆ ಅಳೆದೆ ಪುಟ್ಟಿ?" ಎಂದು ಕೇಳಿದರು.

"ತಬ್ಬಿಕೊಂಡೆ ಮಿಸ್. ತಬ್ಬಿಕೊಂಡ್ರೆ ಅಪ್ಪಂಗೆ ಏನೂ ಗೊತ್ತಾಗಲ್ಲ ಅಂತ ಮಾಮ ಹೇಳಿಕೊಟ್ರು."

ಅಪ್ಪುಗೆಯೂ ಅವನ ಪಾಠವೇ! ದರ್ಜಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮನೆಗೆ ಬರುವವರೆಗೂ ಅವನು ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಊಟಕ್ಕೆ ಕೂತಾಗ ಮಗಳು ಮೆಲ್ಲಗೆ ಕೇಳಿದಳು.

"ಬೇಜಾರಾಯ್ತಾ ಅಪ್ಪ?"

"ಮುಂದಿನ ಟರ್ಮಿಗೆ ಬೇರೆ ಯಾರನ್ನಾದ್ರೂ ನೋಡ್ಕೋ. ನನ್ನ ಬಿಟ್ಬಿಡು."

"ಸರಿ. ಹಂಗಾದ್ರೆ ಮಾಮನ್ನ ತಗೋತೀನಿ."

ಹೇಳಿದವಳೇ ಬಾಳೆಹಣ್ಣು ಸುಲಿದು ಮಾಮನ ತಟ್ಟೆಗೆ ಇಟ್ಟಳು. "ತಿನ್ನಿ ಮಾಮ, ಬೆಳೀಬೇಕು."

ದರ್ಜಿ ಒಂದು ಕ್ಷಣ ಆ ಹಣ್ಣನ್ನೇ ನೋಡಿದ. ಇನ್ನು ಪ್ರತಿ ಭಾನುವಾರ ಆ ಎರಡು ಪುಟ್ಟ ಕೈಗಳು ಈ ಕಡ್ಡಿಯ ಸುತ್ತ ಬೀಳುತ್ತವೆ, ಅದೂ ಒದ್ದಾಡದೆ ಸಲೀಸಾಗಿ! ಅವನ ಕೈ ತಾನಾಗಿಯೇ ಮೇಜು ದಾಟಿ ಹೋಗಿ ಮೈದುನನ ತಟ್ಟೆಯಿಂದ ಹಣ್ಣನ್ನು ಎತ್ತಿಕೊಂಡಿತು.

"ಇವನಿಗೆ ಹಾಕಿದ್ದೆಲ್ಲ ದಂಡ ಕಣಮ್ಮ. ನೋಡೋದಾದ್ರೆ ಬೆಳೆಯೋ ಜೀವೀನ ನೋಡು."

"ಪ್ಯಾಂಟು?" ಎಂದಳು ಹೆಂಡತಿ.

"ಸೋಪು ಬದಲಾಯ್ಸು" ಎಂದ ದರ್ಜಿ, ಬಾಯಿ ತುಂಬ ಹಣ್ಣಿಟ್ಟುಕೊಂಡು. ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದ. "ಭಾನುವಾರ ಮರೀಬೇಡ ಪುಟ್ಟಿ. ದಾರ ಸ್ವಲ್ಪ ಉದ್ದದ್ದೇ ತಗೊಂಡು ಬಾ."