ಲಂಟಾನದ ಮೊಲ, ಲಂಟಾನದ ಪಿಕಳಾರ

ಬಡಾವಣೆಯ ಇಂಜಿನಿಯರನ್ನು ಮುನಿರಾಮಯ್ಯ ಕೇಳಿದ್ದು ಒಂದೇ ಒಂದು ವಾರದ ಸಮಯ. ಮಲ್ಲತ್ತಹಳ್ಳಿ ಕೆರೆಯ ಮೇಲಿನ ಇಳಿಜಾರಿನಲ್ಲಿದ್ದ ಅವನ ರಾಗಿ ಹೊಲ ಬಡಾವಣೆಯ ಪಾಲಾಗಿ, ಮೂಲೆಯಲ್ಲೊಂದು ಲಂಟಾನ ಪೊದೆ ಉಳಿದಿತ್ತು. ಅದರ ಬುಡದಲ್ಲಿ ಮೊಲ ಮರಿ ಹಾಕಿತ್ತು, ಮೇಲೆ ಪಿಕಳಾರ ಹಕ್ಕಿ ಗೂಡು ಕಟ್ಟಿತ್ತು. ಹಿಂದೆ ಮೊಲಗಳಿಗೆ ಶಾಪ ಹಾಕುವುದೇ ಅವನ ಬೇಸಾಯವಾಗಿತ್ತು. ಈಗ ಆ ಇಳಿಜಾರಿಗೆಲ್ಲ ಉಳಿದ ಜೀವಗಳು ಇವೇ ಎಂದು ಅವನು ಮರುಗುತ್ತಿದ್ದ.

ಬೆಳಿಗ್ಗೆ ಬುಲ್ಡೋಜರ್ ಬಂದೇ ಬಂತು. ಡ್ರೈವರ್ ವೆಂಕಟಗಿರಿ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದ.

"ಮರಿಗಳು ಬಲಿಯೋವರ್ಗೂ ಬಿಡಪ್ಪ," ಎಂದು ಮುನಿರಾಮಯ್ಯ ಕೈ ಮುಗಿದ.

"ಇಂಜಿನಿಯರ್ ಬೈತಾರೆ ಯಜಮಾನ್ರೇ. ಟೀ ಕುಡಿಯೋವಷ್ಟು ಹೊತ್ತು ಕೊಡ್ತೀನಿ. ಮೊಲಾನೋ ಹಕ್ಕೀನೋ, ಯಾವ್ದಾದ್ರೂ ಎತ್ಕೊಳಿ."

"ಕೈ ತಾಗಿದ ಮರೀನ ತಾಯಿ ಸೇರಿಸಲ್ವಲ್ಲಪ್ಪ!"

ಅಷ್ಟರಲ್ಲಿ ನೆರೆಹೊರೆ ನ್ಯಾಯ ಹೇಳಲು ಹಾಜರಾಯಿತು.

"ಮೊಲ ಎತ್ಕೊಳಯ್ಯ," ಎಂದ ಪಕ್ಕದ ಮನೆಯ ಉಗ್ರಪ್ಪ. "ಹಾಡು ರೇಡಿಯೋದಲ್ಲೂ ಬರುತ್ತೆ. ಸಾರು ಬರುತ್ತಾ?"

"ಥೂ, ನಿನ್ನ ನಾಲಿಗೆಗಷ್ಟು ಬೆಂಕಿ ಹಾಕ!" ಎಂದಳು ಎದುರುಮನೆಯ ಪಾಪಮ್ಮ. "ಮೊಲ ದರಿದ್ರ. ಹಕ್ಕೀನೇ ಎತ್ಕೋ ಮುನಿರಾಮಣ್ಣ."

ಈ ಗಲಾಟೆಗೆ ಬೆದರಿದ ಮೊಲ ಪೊದೆಯಿಂದ ಚಿಮ್ಮಿ, ಬುಲ್ಡೋಜರಿನ ಮೂತಿಗೇ ಅಡ್ಡಲಾಗಿ ಓಡಿತು. ವೆಂಕಟಗಿರಿಯ ಕೈಯಲ್ಲಿದ್ದ ಟೀ ಚೆಲ್ಲಿತು.

"ಅಡ್ಡ ಬಂತಲ್ಲ, ಅನಿಷ್ಟ! ಅಮಾವಾಸ್ಯೆ ಕಳೆಯೋವರ್ಗೂ ನಾನು ಈ ಕಡೆ ತಲೆ ಹಾಕಲ್ಲ."

ಅಮಾವಾಸ್ಯೆಗೆ ಇನ್ನೂ ಹತ್ತು ದಿನವಿತ್ತು. ಮುನಿರಾಮಯ್ಯನಿಗೆ ಆ ಮೊಲದ ಕಾಲಿಗೆ ಬೀಳಬೇಕೆನಿಸಿತು.

ಆಗ ಪಿಕಳಾರ ಬೇಲಿಯ ಮೇಲೆ ಕೂತು ಹಾಡತೊಡಗಿತು. ಮುನಿರಾಮಯ್ಯ ಬೇಲಿಯತ್ತ ಓಡಿದ. ಇಂಥ ಇಂಪಾದ ಕೂಗು ಶುಭಶಕುನವೇ ಇರಬೇಕು, ಡ್ರೈವರ್ ಮನಸ್ಸು ಬದಲಾಯಿಸಿದರೆ ಏನು ಗತಿ! ದಿನವೂ ಯಾವ ಹಾಡಿಗಾಗಿ ಬಂದು ಕೂರುತ್ತಿದ್ದನೋ ಅದನ್ನೇ ನಿಲ್ಲಿಸಲು, "ಸುಮ್ನಿರೇ ತಾಯಿ, ಹುಶ್!" ಎಂದು ಟವೆಲ್ ಬೀಸಿದ. ಹಕ್ಕಿ ವೆಂಕಟಗಿರಿಯ ತಲೆಯ ಮೇಲಿಂದ ಹಾರಿ, ಆಚೆಯ ಲೈಟು ಕಂಬದಲ್ಲಿ ಕೂತು ಇನ್ನೂ ಜೋರಾಗಿ ಹಾಡಿತು.

ವೆಂಕಟಗಿರಿಯ ಮುಖ ಅರಳಿತು. ಒಂದೇ ನೆಗೆತಕ್ಕೆ ಸೀಟು ಹತ್ತಿದ. ಮುನಿರಾಮಯ್ಯ "ಏಯ್, ಏಯ್" ಎನ್ನುತ್ತ ಓಡಿ ತಲುಪುವಷ್ಟರಲ್ಲಿ ಪೊದೆ, ಗೂಡು, ಮರಿಗಳು ಎಲ್ಲವೂ ಮಣ್ಣಿನಡಿ ಸೇರಿದ್ದವು. ಅವನು ಅಲ್ಲೇ ಕುಸಿದು ಕೂತು ಅತ್ತ.

ವೆಂಕಟಗಿರಿ ಮೇಲಿಂದ ಬಗ್ಗಿ ನಗುತ್ತ ಹೇಳಿದ: "ಹಕ್ಕಿ ಎಡಕ್ಕೆ ಕೂಗ್ತಿತ್ತು, ಅದೂ ಅಪಶಕುನ ಅಂತ ಮನೆಗೇ ಹೊರಟಿದ್ದೆ. ನೀವು ಬಲಕ್ಕೆ ಓಡಿಸಿದ್ರಿ ನೋಡಿ, ದೋಷ ಎಲ್ಲ ಕಳೀತು. ನಿಮ್ಮ ಕೈಗುಣ ದೊಡ್ಡದು ಯಜಮಾನ್ರೇ. ನಾಳೆ ಆಚೆ ಹೊಲಕ್ಕೂ ಬಂದ್ಬಿಡಿ."