ತೆಳ್ಳಗಾಗುವ ಆಯಾಸ

ತೆಳ್ಳಗಾಗಬೇಕೆಂದು ತೀರ್ಮಾನ ಮಾಡುವುದೇ ಬಹಳ ಆಯಾಸದ ಕೆಲಸ. ಇದು ದಪ್ಪಗಿರುವವರಿಗೆ ಮಾತ್ರ ಗೊತ್ತು. ತೆಳ್ಳಗಿರುವವರು "ಊಟ ಕಡಿಮೆ ಮಾಡಿ, ಸ್ವಲ್ಪ ಓಡಾಡಿ" ಎಂದು ಎರಡೇ ಮಾತಿನಲ್ಲಿ ಮುಗಿಸಿ ತಮ್ಮ ಪಾಡಿಗೆ ಹೋಗಿಬಿಡುತ್ತಾರೆ. ಆ ಎರಡು ಮಾತನ್ನು ಹೊತ್ತು ತಿರುಗಬೇಕಾದವರು ನಾವು. ನಾನಂತೂ ಐದಾರು ವರ್ಷಗಳಲ್ಲಿ ಕಡಿಮೆಯೆಂದರೂ ಇಪ್ಪತ್ತು ಸಲ ಈ ತೀರ್ಮಾನ ಮಾಡಿದ್ದೇನೆ. ಪ್ರತಿ ಸಲವೂ ತೀರ್ಮಾನವಾದ ಮೇಲೆ ಸ್ವಲ್ಪ ಹೊತ್ತು ಮಲಗಿ ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಎದ್ದಾಗ ಹಸಿವಾಗಿರುತ್ತಿತ್ತು.

ನಾನು ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಕೂತರೆ ಸಂಜೆ ಏಳುವ ಉದ್ಯೋಗ. ಕಡತ ಬೇಕೆಂದರೆ ಜವಾನ ತರುತ್ತಾನೆ, ಬೇಡವೆಂದರೆ ಅವನೇ ತೆಗೆದುಕೊಂಡು ಹೋಗುತ್ತಾನೆ. ನಾನು ಮಾಡುವ ಕಠಿಣ ವ್ಯಾಯಾಮವೆಂದರೆ ಸಾಹೇಬರು ಬಂದಾಗ ಎದ್ದು ನಿಲ್ಲುವುದು. ಮೈ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಮನೆತನದ ಆಶೀರ್ವಾದವೂ ಇತ್ತು. ನಮ್ಮಪ್ಪನವರೂ ಇದೇ ಗಾತ್ರದವರು. ಹಳ್ಳಿಮೈಸೂರಿನಲ್ಲಿ ನೆಂಟರ ಮನೆಯ ಒಬ್ಬಟ್ಟಿನೂಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಜಗಲಿಯ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ ನಲವತ್ತೊಂಬತ್ತು. ಪುಣ್ಯವಂತರ ಸಾವು ಎಂದು ಎಲ್ಲರೂ ಹೇಳಿದರು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ನನಗೆ ನಲವತ್ತಮೂರು ತುಂಬಿದಾಗ ಆ ಪುಣ್ಯ ಸ್ವಲ್ಪ ತಡವಾಗಿ ಬಂದರೂ ಪರವಾಗಿಲ್ಲ ಎನ್ನಿಸತೊಡಗಿತು.

ಇಷ್ಟಾದರೂ ನಾನು ನಿಜವಾಗಿ ಎಚ್ಚೆತ್ತದ್ದು ಹಾಸನದ ಬಸ್ಸಿನಲ್ಲಿ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ದೊಡ್ಡ ಒಲೆ ಕಟ್ಟಿ ಇದ್ದಿಲ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ದಿಣ್ಣೆ ಬಂದ ಕಡೆಯೆಲ್ಲ ಬಸ್ಸು ನಿಂತು ಏದುಸಿರು ಬಿಡುತ್ತಿತ್ತು. ನನ್ನಂಥದೇ ಒಂದು ಜೀವ ಎಂದು ನನಗೆ ಅದರ ಮೇಲೆ ಕನಿಕರವಿತ್ತು. ಆ ದಿನವೂ ಒಂದು ದಿಣ್ಣೆಯ ನಡುವೆ ನಿಂತಿತು. ಸಾಮಾನ್ಯವಾಗಿ ಎಲ್ಲರೂ ಇಳಿದು ತಳ್ಳುವುದು ರೂಢಿ. ಆದರೆ ಕಂಡಕ್ಟರು ಬಸ್ಸಿನೊಳಗೆಲ್ಲ ಒಂದು ಸಲ ಕಣ್ಣು ಹಾಯಿಸಿ ನೇರವಾಗಿ ನನ್ನ ಹತ್ತಿರ ಬಂದ.

"ಕ್ವಾಪ ಮಾಡ್ಕಬ್ಯಾಡಿ ಸಾ. ನೀವೊಬ್ರು ವಸಿ ಇಳುದ್ಬುಡಿ. ಮಿಕ್ಕೋರು ಕೂತಿರ್ಲಿ."

ನನ್ನ ಹಿಂದಿನ ಸೀಟಿನಲ್ಲಿ ಕೋಳಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಗೆ ನನ್ನ ಮೇಲೆ ಕರುಣೆ ಬಂತು. "ಅಂಗನ್ಬಾರ್ದು ಕಣ್ಲಾ" ಎಂದು ಅವಳು ಕಂಡಕ್ಟರನನ್ನು ಗದರಿದಳು. "ಆವಯ್ಯ ಏನ್ ಬೇಕೂಂತ ಅಂಗೆ ಊದ್ಕಂಡವ್ರಾ?"

ನಾನು ಇಳಿದೆ. ಬಸ್ಸು ಒಂದು ಸಲ ಕೆಮ್ಮಿ, ಮೂವತ್ತು ಜನರನ್ನೂ ಕೋಳಿಗಳನ್ನೂ ಹೊತ್ತುಕೊಂಡು ಸಲೀಸಾಗಿ ದಿಣ್ಣೆ ಹತ್ತಿತು. ಅದು ಹತ್ತದೆ ಹೋಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೇಲೆ ಬಸ್ಸು ನಿಲ್ಲಿಸಿಕೊಂಡು ಎಲ್ಲರೂ ಕಿಟಕಿಯಿಂದ ತಲೆ ಹಾಕಿ ನಾನು ಹತ್ತಿ ಬರುವುದನ್ನೇ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಎದೆ ಹಿಡಿದುಕೊಂಡಿತು. ಕಣ್ಣಿಗೆ ಕತ್ತಲೆ ಕವಿಯಿತು. ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಹಳ್ಳಿಮೈಸೂರಿನ ಜಗಲಿ.

ಹಾಸನದಲ್ಲಿ ಡಾಕ್ಟರನ್ನು ಕಂಡು, ಎದೆಯ ಜೊತೆಗೆ ಹಳೆಯ ಮಂಡಿನೋವನ್ನೂ ಹೇಳಿಕೊಂಡೆ. ಅವರು ಎದೆ ನೋಡಿದರು, ಮಂಡಿ ನೋಡಿದರು, ಕೊನೆಗೆ ಕನ್ನಡಕ ತೆಗೆದು ನನ್ನನ್ನೇ ಇಡಿಯಾಗಿ ನೋಡಿದರು. "ಮಂಡಿಗೆ ಬೇಕಾದರೆ ಎಣ್ಣೆ ಕೊಡುತ್ತೇನೆ. ಮಂಡಿಯ ಮೇಲೆ ಕೂತಿರೋ ಆಸಾಮಿಗೆ ನನ್ನಲ್ಲಿ ಔಷಧಿ ಇಲ್ಲ. ಊಟ ಕಡಿಮೆ ಮಾಡಿ. ಒಂದು ತಿಂಗಳ ಮಾತಲ್ಲ, ಬದುಕಿರೋವರೆಗೂ" ಎಂದರು. ಬದುಕಿರುವವರೆಗೂ ಎಂಬ ಮಾತನ್ನು ಕೇಳಿ ನನಗೆ ಅಲ್ಲಿಯೇ ಸುಸ್ತಾಯಿತು.

ಊರಿಗೆ ಬಂದು ನನ್ನ ಹೆಂಡತಿ ಗಿರಿಜೆಗೆ ಎಲ್ಲ ಹೇಳಿದೆ. ಮಗಳನ್ನು ಮದುವೆ ಮಾಡಿ ಕೊಟ್ಟಿದ್ದೆವು. ಮನೆಯಲ್ಲಿ ನಾವಿಬ್ಬರೇ. ಅವಳು ಕೇಳಿ, "ನೀವು ಹೇಗೆ ಹೇಳ್ತೀರೋ ಹಾಗೆ ಮಾಡಿಕೊಡ್ತೀನಿ" ಎಂದಳು. ನಾನು ಹೇಳುತ್ತಾ ಹೋದೆ, ಪಾಪ, ಅವಳು ಮಾಡುತ್ತಾ ಹೋದಳು.

ಮೊದಲು ಸೋಮವಾರ ಉಪವಾಸವೆಂದೆ. ಉಪವಾಸದ ದಿನ ಫಲಾಹಾರ ಮಾಡಬಹುದಲ್ಲ, ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಎಲ್ಲ ಆಗಬೇಕಾಯಿತು. ಮಂಗಳವಾರ ಬೆಳಿಗ್ಗೆ ನಾನು ಭಾನುವಾರಕ್ಕಿಂತ ಭಾರವಾಗಿರುತ್ತಿದ್ದೆ. ಆಮೇಲೆ ನಮ್ಮ ಕಚೇರಿಯ ಧರಣೇಂದ್ರಯ್ಯನವರ ದಾರಿ ಹಿಡಿದೆ. ಅವರು ಚನ್ನರಾಯಪಟ್ಟಣದ ಕಡೆಯ ಜೈನರು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಮುಟ್ಟುವವರಲ್ಲ, ಕಡ್ಡಿಯ ಹಾಗೆ ನೆಟ್ಟಗಿದ್ದಾರೆ. ನಾನೂ ಕಚೇರಿಯಿಂದ ಓಡಿ ಬಂದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದೆ. ಎಂಟು ಗಂಟೆಗೆ ಹೊಟ್ಟೆ ತನ್ನ ಹಳೆಯ ಅಭ್ಯಾಸದಂತೆ ಕರೆಯಿತು. "ಒಂದು ವಾರ ನಿಧಾನವಾಗಿ ಬದಲಾಯಿಸಿಕೊಳ್ಳೋಣ" ಎಂದು ಮತ್ತೊಂದು ಊಟ ಮಾಡಿದೆ. ಎರಡು ತಿಂಗಳಾದ ಮೇಲೆ ಧರಣೇಂದ್ರಯ್ಯನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಒಂದು ಊಟ ಬಿಡಬೇಕಿತ್ತು ಸ್ವಾಮಿ, ಸೇರಿಸೋದಲ್ಲ" ಎಂದರು.

ಹೇಮಾವತಿಯ ದಂಡೆಯಲ್ಲಿ ಬೆಳಗಿನ ನಡಿಗೆಯನ್ನೂ ಮಾಡಿದೆ. ನಡಿಗೆ ಬಹಳ ಒಳ್ಳೆಯದು, ಹಸಿವು ಚೆನ್ನಾಗಿ ಆಗುತ್ತದೆ. ಹೊಳೆಯಿಂದ ಮನೆಗೆ ಬರುವ ದಾರಿಯಲ್ಲಿ ಭಟ್ಟರ ಹೋಟೆಲಿತ್ತು. ಬೇರೆ ದಾರಿಯೂ ಇತ್ತು, ಆದರೆ ಅದು ದೂರ, ಮಂಡಿಗೆ ಒಳ್ಳೆಯದಲ್ಲ.

ಕೊನೆಗೆ ಅನ್ನವನ್ನೇ ಬಿಡುವ ಶಪಥ ಮಾಡಿದೆ. ಆಗ ಅಕ್ಕಿ ರೇಷನ್ ಚೀಟಿಯ ಮೇಲೆ ಅಳತೆಯಾಗಿ ಸಿಗುತ್ತಿದ್ದ ಕಾಲ, ದೇಶಸೇವೆಯೂ ಆಯಿತು ಎಂದುಕೊಂಡೆ. ಗಿರಿಜೆ ನನಗೆ ಬೇರೆ, ತನಗೆ ಬೇರೆ ಎಂದು ಎರಡು ಅಡುಗೆ ಮಾಡತೊಡಗಿದಳು. ನನಗೆ ಸಣ್ಣದೊಂದು ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ. ಅವಳಿಗೆ ಪುಟ್ಟ ತಪ್ಪಲೆಯಲ್ಲಿ ಸ್ವಲ್ಪ ಅನ್ನ. ನಾನು ಮುದ್ದೆ ಮುಗಿಸಿ, ಒಂದು ನಿಟ್ಟುಸಿರು ಬಿಟ್ಟು, "ಸಾರಿನ ರುಚಿ ನೋಡೋಕೆ ಒಂದು ಹಿಡಿ ಅನ್ನ ಹಾಕು" ಎನ್ನುತ್ತಿದ್ದೆ. ಅವಳು ಹಾಕುತ್ತಿದ್ದಳು. ಮಜ್ಜಿಗೆಗೆ ಇನ್ನೊಂದು ಹಿಡಿ. ಹೀಗೆ ಎಷ್ಟೋ ತಿಂಗಳು ನಡೆಯಿತು. ಇಷ್ಟೊಂದು ತ್ಯಾಗ ಮಾಡಿದರೂ ಕೋಟಿನ ಕೆಳಗಿನ ಗುಂಡಿ ತನ್ನ ತೂತಿನ ಹತ್ತಿರ ಬರುವುದಿಲ್ಲವಲ್ಲ ಎಂದು ನಾನು ದೇವರನ್ನು ಬೈದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಗಿರಿಜೆ ಬಗ್ಗಿ ನನ್ನ ಎಲೆಗೆ ಅನ್ನ ಬಡಿಸುತ್ತಿದ್ದಳು. ಅವಳ ಕೈಯಿಂದ ಒಂದು ಗಾಜಿನ ಬಳೆ ಜಾರಿ ಮೆತ್ತಗೆ ಅನ್ನದ ಮೇಲೆ ಬಿತ್ತು. ಒಡೆಯಲಿಲ್ಲ. ಅವಳು ತಟ್ಟನೆ ತೆಗೆದು ಸೆರಗಿನಲ್ಲಿ ಒರೆಸಿದಳು.

"ಇದೇನೇ ಇದು?" ಎಂದೆ.

"ಏನಿಲ್ಲ. ಬಳೆ ದೊಡ್ಡದಾಗಿದೆ."

"ಬಳೆ ಎಲ್ಲಾದ್ರೂ ದೊಡ್ಡದಾಗುತ್ತಾ?"

"ಕೈ ಸಣ್ಣದಾದ್ರೆ ಆಗುತ್ತೆ."

ನಾನು ತಲೆಯೆತ್ತಿ ನೋಡಿದೆ. ದಿನಾ ಎರಡು ಹೊತ್ತು ಬಡಿಸುತ್ತಿದ್ದ ಕೈಯನ್ನು ನಾನು ಮೊಣಕೈಯವರೆಗೆ ನೋಡಿ ಎಷ್ಟು ಕಾಲವಾಗಿತ್ತೋ, ನನ್ನ ಕಣ್ಣು ಯಾವಾಗಲೂ ಸೌಟಿನ ಮೇಲೆಯೇ ಇರುತ್ತಿತ್ತು. ಮುಂಗೈ ಒಣಗಿದ ಕಡ್ಡಿಯಾಗಿತ್ತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ತಪ್ಪಲೆಯ ಮುಚ್ಚಳ ತೆಗೆದೆ. ತಳದಲ್ಲಿ ಸೀದದ್ದು ಸ್ವಲ್ಪ ಅಂಟಿಕೊಂಡಿತ್ತು.

"ನಿನಗೆ?"

"ನನಗೆ ಮಜ್ಜಿಗೆ ಇದೆ. ಮುದ್ದೆ ಚೂರು ಇರಬೇಕು."

"ಎಷ್ಟು ದಿನದಿಂದ ಹೀಗೆ?"

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ದಿನ ಲೆಕ್ಕ ಹಾಕಿ ಹೇಳುವವಳ ಹಾಗೆ ಹೇಳಿದಳು. "ನೀವು ತೆಳ್ಳಗಾಗೋಕೆ ಶುರು ಮಾಡಿದಾಗಿನಿಂದ."

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಜೀವನದಲ್ಲಿ ಮೊದಲ ಸಲ, ಶಪಥವಿಲ್ಲದೆ. ನನ್ನ ಎಲೆಯ ಮುಂದೆ ಅವಳನ್ನು ಕೂರಿಸಿ ಉಣ್ಣು ಎಂದೆ. ಅವಳು ಒಪ್ಪಲಿಲ್ಲ. ನಾನು ಗೋಗರೆದ ಮೇಲೆ, "ಹಾಗಾದ್ರೆ ಇಬ್ಬರೂ ಕೂರೋಣ. ಒಬ್ಬರು ಕೂತು ಇನ್ನೊಬ್ಬರು ನಿಂತುಕೊಂಡರೆ ನನಗೆ ಗಂಟಲಲ್ಲಿ ಇಳಿಯಲ್ಲ" ಎಂದಳು. ಇಪ್ಪತ್ತೈದು ವರ್ಷ ಅವಳು ನಿಂತೇ ಇದ್ದಳು, ನನ್ನ ಗಂಟಲಿಗೆ ಅದು ಅಡ್ಡ ಬಂದಿರಲಿಲ್ಲ.

ಅಂದಿನಿಂದ ಎರಡು ಎಲೆ ಎದುರುಬದುರು ಹಾಕಿದೆವು. ಒಂದೇ ಅಡುಗೆ. ಮುದ್ದೆ, ಸಾರು, ಸೊಪ್ಪು, ಇದ್ದಷ್ಟು ಅನ್ನ, ಎಲ್ಲ ಇಬ್ಬರಿಗೂ ಸಮ. ಪಾತ್ರೆಗಳು ನಡುವೆ ಇರುತ್ತಿದ್ದವು. ಇನ್ನೊಂದು ಹಿಡಿ ಬೇಕೆನ್ನಿಸಿದಾಗ ಪಾತ್ರೆಯನ್ನೂ ಅವಳ ಎಲೆಯನ್ನೂ ನೋಡುತ್ತಿದ್ದೆ. ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಮೊದಲ ಹದಿನೈದು ದಿನ ಹಸಿವಿನಿಂದ ನನಗೆ ಗೋಡೆಗಳೆಲ್ಲ ಕಡುಬಿನಂತೆ ಕಾಣುತ್ತಿದ್ದವು. ಆಮೇಲೆ ಅದೂ ಅಭ್ಯಾಸವಾಯಿತು. ಬಾವಿಯಿಂದ ನೀರು ಸೇದುವ ಕೆಲಸವನ್ನು ಅವಳ ಕೈಯಿಂದ ಕಿತ್ತುಕೊಂಡೆ. ದಿನಕ್ಕೆ ಇಪ್ಪತ್ತು ಕೊಡ. ಮೊದಲ ದಿನ ಐದನೆಯ ಕೊಡಕ್ಕೆ ಹಗ್ಗ ಹಿಡಿದುಕೊಂಡೇ ಕೂತುಬಿಟ್ಟೆ. ಬೀದಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕೊರವಂಗಲದಿಂದ ಬಂದ ನನ್ನ ಸೋದರತ್ತೆ ಎರಡು ಎಲೆ ನೋಡಿ ಹೊಸ್ತಿಲಲ್ಲೇ ನಿಂತರು. "ಗಂಡನ ಎದುರಿಗೆ ಕುಂತ್ಕಂಡು ಉಣ್ಣಾದಾ! ಏನ್ ಕಾಲ ಬಂತು ಕಣಪ್ಪಾ" ಎಂದರು. ಗಿರಿಜೆ ಮೂರನೆಯ ಎಲೆ ಹಾಕಿದಳು. ಅತ್ತೆ ಸ್ವಲ್ಪ ಹೊತ್ತು ನೋಡಿ, ಕೂತು, ಬಿಸಿಬಿಸಿ ಉಂಡರು. ತಣ್ಣಗಾಗದ ಊಟ ಉಂಡು ಬಹಳ ವರ್ಷವಾಯಿತು ಎಂದು ಹೋಗುವಾಗ ಗಿರಿಜೆಯ ಕಿವಿಯಲ್ಲಿ ಹೇಳಿದರಂತೆ.

ವರ್ಷ ಒಂದೂವರೆಯಾಗುವಷ್ಟರಲ್ಲಿ ನನ್ನ ಕೋಟಿನ ಗುಂಡಿಗಳೆಲ್ಲ ಹಾಕಲು ಬಂದವು. ಗಿರಿಜೆಯ ಕೆನ್ನೆ ತುಂಬಿತು. ಡಾಕ್ಟರು ಎದೆ ನೋಡಿ ತಲೆದೂಗಿದರು. ಕಚೇರಿಯಲ್ಲಿ ಎಲ್ಲರಿಗೂ ಅಚ್ಚರಿ. ಗುಟ್ಟೇನೆಂದು ಸಾಹೇಬರೇ ಕೇಳಿದರು. ಹೆಂಡತಿಯ ಎಲೆ ನೋಡಿ ಉಣ್ಣುತ್ತೇನೆ ಎಂದು ಸಾಹೇಬರ ಮುಂದೆ ಹೇಗೆ ಹೇಳುವುದು? "ಮನೋನಿಗ್ರಹ ಸಾರ್" ಎಂದೆ. ಆ ಮಾತು ಊರೆಲ್ಲ ಹಬ್ಬಿ, ಶಾಲೆಯವರು ಕರೆದು ಮಿತಾಹಾರದ ಮೇಲೆ ನನ್ನಿಂದ ಭಾಷಣ ಮಾಡಿಸಿದರು. ಇಂದ್ರಿಯಗಳನ್ನು ಕುದುರೆಗಳಿಗೆ ಹೋಲಿಸಿ ಮುಕ್ಕಾಲು ಗಂಟೆ ಮಾತಾಡಿದೆ. ಹೆಂಗಸರ ಸಾಲಿನಲ್ಲಿ ಗಿರಿಜೆ ಕೂತಿದ್ದಳು. ಮನೆಗೆ ಬಂದು ಹೇಗಿತ್ತು ಎಂದು ಕೇಳಿದರೆ, "ಕುದುರೆ ಚೆನ್ನಾಗಿತ್ತು" ಎಂದಳು.

ಮುಂದಿನ ತಿಂಗಳು ಅರಕಲಗೂಡಿನಲ್ಲಿ ಅವಳ ತಂಗಿಗೆ ಹೆರಿಗೆಯಾಯಿತು. ಹತ್ತು ದಿನಕ್ಕೆಂದು ಗಿರಿಜೆ ಹೊರಟಳು. ನಾನು ಧೈರ್ಯ ಹೇಳಿ ಬಸ್ಸು ಹತ್ತಿಸಿದೆ. ಒಬ್ಬನಿಗೆ ಅಡುಗೆ ಮಾಡಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ! ಮೊದಲ ದಿನ ಎಲೆ ಹಾಕಿಕೊಂಡು ಕೂತೆ. ಎದುರಿಗೆ ಗೋಡೆ. ಒಂದು ಹಿಡಿ ಹಾಕಿಕೊಂಡೆ. ಗೋಡೆ ಏನೂ ಅನ್ನಲಿಲ್ಲ. ಎರಡನೆಯ ದಿನ ತುಪ್ಪದ ಭರಣಿ ಕೆಳಗಿಳಿಸಿದೆ. ಮೂರನೆಯ ದಿನ ಭಟ್ಟರ ಹೋಟೆಲಿನಲ್ಲಿ ನನ್ನ ಹಳೆಯ ಬೆಂಚು ಖಾಲಿಯಿರುವುದು ಕಣ್ಣಿಗೆ ಬಿತ್ತು. ಹತ್ತನೆಯ ದಿನ ಅವಳು ಬಂದು ಭರಣಿಯನ್ನು ನೋಡಿದಳು, ನನ್ನ ಕೋಟಿನ ಕೆಳಗಿನ ಗುಂಡಿಯನ್ನು ನೋಡಿದಳು, ಎರಡು ಎಲೆ ಹಾಕಿದಳು.

ಈಗಲೂ ಜನ ದಾರಿಯಲ್ಲಿ ನಿಲ್ಲಿಸಿ ಗುಟ್ಟು ಕೇಳುತ್ತಾರೆ. ಮನೋನಿಗ್ರಹ ಎಂದೇ ಹೇಳುತ್ತೇನೆ. ಅದು ವರ್ಷಕ್ಕೊಂದು ಸಲ ಹತ್ತು ದಿನದ ಮಟ್ಟಿಗೆ ಅರಕಲಗೂಡಿಗೆ ತಂಗಿಯ ಮನೆಗೆ ಹೋಗಿಬರುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.